ಇಪ್ಪತ್ತೊಂದು ದೇಶಗಳಲ್ಲಿ ರಸ್ತೆ ದಾಟಿದವರು

ನನ್ನ ಸೋದರಮಾವ ಇಪ್ಪತ್ತೊಂದು ದೇಶ ನೋಡಿದ್ದಾರೆ. ಆದರೆ ಒಂದೊಂದು ದೇಶದಲ್ಲಿ ಒಂದೊಂದೇ ರಸ್ತೆ!

ಅವರು ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ಹಡಗು ಬಂದರಿಗೆ ಬಂದರೆ ಸಿಗುತ್ತಿದ್ದ ಬಿಡುವು ಮೂರೋ ನಾಲ್ಕೋ ಗಂಟೆ. ಅಷ್ಟರಲ್ಲಿ ಬಂದರಿನ ಗೇಟು ದಾಟಿ, ಎದುರಿನ ರಸ್ತೆ ದಾಟಿ, ಕೊತ್ತಂಬರಿ ಸೊಪ್ಪೋ ಹಸಿಮೆಣಸೋ ಹಿಡಿದು ವಾಪಸು ಓಡಬೇಕು. ಹಾಗಾಗಿ ಅವರಲ್ಲಿ ಅರಮನೆ, ಗೋಪುರಗಳ ಬಗ್ಗೆ ಕೇಳಿ ಪ್ರಯೋಜನವಿಲ್ಲ. ಯಾವ ದೇಶದಲ್ಲಿ ನಡೆದು ಹೋಗುವವನಿಗೆ, ಸೈಕಲ್ಲಿನವನಿಗೆ ಎಷ್ಟು ಮರ್ಯಾದೆ ಎಂದು ಕೇಳಿ ನೋಡಿ, ಊಟದ ಹೊತ್ತಿನವರೆಗೂ ಹೇಳುತ್ತಾರೆ.

ಹೆಚ್ಚಾಗಿ ಕೇಳುವವರು ನಾನು ಮತ್ತು ಅತ್ತೆ. ಹೋದ ವರ್ಷ ಮುಂಬೈಯ ಚೆಂಬೂರಿನ ಮನೆಯೆದುರಿನ ರಸ್ತೆಯಲ್ಲೇ ಅತ್ತೆಗೆ ಬೈಕ್ ಗುದ್ದಿತು. ಮುರಿದ ಕಾಲಿನ ಮೂಳೆ ಕೂಡಿಕೊಂಡಿತು. ಅತ್ತೆ ಮಾತ್ರ ಆಮೇಲೆ ಆ ರಸ್ತೆ ದಾಟಲಿಲ್ಲ. ಮಾರ್ಕೆಟ್ಟು, ಭಜನೆ, ಗೆಳತಿಯರು ಎಲ್ಲ ಆಚೆ ಬದಿ. ಯಾವುದಾದರೂ ಒಂದು ದೇಶದ ಪದ್ಧತಿ ಹೆಂಡತಿಗೆ ಒಗ್ಗೀತೇ ಎಂದು ಮಾವ ಹುಡುಕುತ್ತಿದ್ದರು.

"ನನಗೆ ಆಚೆ ಎಂಥ ಕೆಲಸ ಉಂಟು? ತರಕಾರಿ ಬಾಗಿಲಿಗೇ ಬರ್ತದೆ," ಎನ್ನುತ್ತಿದ್ದರು ಅತ್ತೆ. ಕಣ್ಣು ಮಾತ್ರ ಕಿಟಕಿಯಾಚೆ.

"ಕೇಳು ಮಾರಾಯ್ತಿ, ಜಪಾನಿನಲ್ಲಿ ರಸ್ತೆ ಪೂರಾ ಖಾಲಿ. ಒಂದು ನಾಯಿ ಸಹ ಇಲ್ಲ. ಆದ್ರೂ ಹಸಿರು ದೀಪ ಬರುವವರೆಗೆ ಎಲ್ಲರೂ ನಿಂತದ್ದೇ. ನಾನು ದಾಟಿಬಿಡ್ತಿದ್ದೆ, ಆದ್ರೆ ಶಾಲೆಗೆ ಹೋಗುವ ಸಣ್ಣ ಹುಡುಗಿ ಒಬ್ಬಳು ನನ್ನನ್ನೇ ನೋಡ್ತಾ ಇದ್ದಳು."

ಹಾಲೆಂಡಿನಲ್ಲಿ ಸೈಕಲ್ಲಿಗೇ ಬೇರೆ ಕೆಂಪು ದಾರಿ. ಮಾವ ತಿಳಿಯದೆ ಅದರ ಮೇಲೆ ನಿಂತರಂತೆ. "ಒಂದು ಅಜ್ಜಿ ಸೈಕಲ್ ನಿಲ್ಲಿಸಿ ಬೈದಳು. ಭಾಷೆ ಗೊತ್ತಾಗ್ಲಿಲ್ಲ, ಬೈದದ್ದು ಪೂರಾ ಗೊತ್ತಾಯ್ತು." ವಿಯೆಟ್ನಾಮಿನಲ್ಲಿ ಸ್ಕೂಟರುಗಳ ಪ್ರವಾಹ, ಅಲ್ಲಿ ಓಡಬಾರದು, ನಿಲ್ಲಲೂಬಾರದು, ಒಂದೇ ಹದದಲ್ಲಿ ನಡೆಯುತ್ತಿದ್ದರೆ ಅವೇ ಸುತ್ತಿಕೊಂಡು ಹೋಗುತ್ತವಂತೆ.

ಈ ಶಿಸ್ತನ್ನೆಲ್ಲ ಅವರು ಚೆಂಬೂರಿನ ಮೇಲೆ ಪ್ರಯೋಗಿಸುತ್ತಾರೆ. ಸೈಕಲ್ಲಿನಲ್ಲಿ ಬಲಕ್ಕೆ ತಿರುಗುವ ಮೊದಲು ಬಲಗೈಯನ್ನು ಉದ್ದಕ್ಕೆ ಚಾಚುತ್ತಾರೆ. ಒಮ್ಮೆ ಹಿಂದಿನಿಂದ ಬಂದ ಆಟೋದವನು ನಿಧಾನಿಸಿ, "ಕಿಧರ್ ಜಾನೇಕಾ?" ಎಂದು ಕೇಳಿದ. ಮಾವ ಸತ್ಯವಂತರು; "ಸ್ಟೇಷನ್" ಎಂದರು. "ನಹೀಂ ಜಾಯೇಗಾ," ಎಂದು ಅವನು ಹೊರಟುಹೋದ. ಸೈಕಲ್ಲಿನ ಮೇಲೆ ಕುಳಿತೇ ಆಟೋದವನಿಂದ ಇಲ್ಲವೆನಿಸಿಕೊಂಡ ಮನುಷ್ಯ ಇಡೀ ಮುಂಬೈಯಲ್ಲಿ ಇನ್ನೊಬ್ಬರಿದ್ದಾರೆಯೇ?

ಇನ್ನೊಂದು ದಿನ ಖಾಲಿ ರಸ್ತೆಯ ಬದಿಯಲ್ಲಿ ಹಸಿರು ದೀಪಕ್ಕಾಗಿ ಗಂಭೀರವಾಗಿ ಕಾಯುತ್ತಿದ್ದಾಗ ಬೆನ್ನ ಹಿಂದೆ ಇಬ್ಬರು ಬಂದು ನಿಂತರು. ಮತ್ತೊಬ್ಬರು ಸೇರಿದರು. ಕೊನೆಗೆ ಯಾರೋ ವಿಚಾರಿಸಿದರು: "ಅಂಕಲ್, ಯೇ ಕೌನ್‌ಸೀ ಬಸ್ ಕಾ ಲೈನ್ ಹೈ?"

ಒಂದು ಭಾನುವಾರ ಮಾವ ಬಿಲ್ಡಿಂಗಿನ ಟೆರೇಸಿನಲ್ಲಿ ರಂಗೋಲಿ ಪುಡಿಯಿಂದ ಜೀಬ್ರಾ ಪಟ್ಟೆಗಳನ್ನು ಎಳೆದರು. ಕೆಳಗಿನ ರಸ್ತೆಯ ಅಗಲವನ್ನು ಹೆಜ್ಜೆಯಲ್ಲಿ ಅಳೆದು ಬಂದಿದ್ದರು. ಅವರು ಬಸ್ಸು, ನಾನು ಆಟೋ, ದಾಟಬೇಕಾದವರು ಅತ್ತೆ. ನಾನು ಎಂ.ಎ. ಮುಗಿಸಿದವಳು, ಆಫೀಸಿನಲ್ಲಿ ಕೂಡ ದನಿಯೆತ್ತಿ ಮಾತಾಡುವವಳಲ್ಲ. ಆ ಸಂಜೆ ನೆರೆಹೊರೆಯವರೆದುರು ಬಾಯಿಯಿಂದ ಹಾರ್ನ್ ಹೊಡೆದೆ.

"ಬಸ್ಸು ಬಂತು, ಬಸ್ಸು ಬಂತು," ಎಂದು ಮಾವ ನುಗ್ಗಿದರು.

"ಬಸ್ಸಿಗೆ ಇಷ್ಟು ಹೊಟ್ಟೆ ಇರ್ತದಾ?" ಅತ್ತೆ ಕೇಳಿದರು. ಪಟ್ಟೆಗಳು ಸೊಟ್ಟವೆಂದು ಬೈದು, ಪುಡಿಯ ಡಬ್ಬಿ ಕಿತ್ತುಕೊಂಡು ತಾವೇ ನೇರ ಮಾಡಿದರು. ಆಮೇಲೆ ದಾಟಿದರು. ಎಂಟು ಸಲ.

ಮರುವಾರ ನಿಜವಾದ ರಸ್ತೆ. ನಾನು ಮೊದಲೇ ದಾಟಿ ಆಚೆ ಬದಿಯಲ್ಲಿ ನಿಂತೆ. ಹಸಿರು ದೀಪ ಬಂತು. ಮಾವ ಸೈಕಲ್ಲನ್ನು ವಾಹನಗಳ ಕಡೆಗೆ ಗೋಡೆಯಂತೆ ಹಿಡಿದು ತಳ್ಳುತ್ತ, ಅತ್ತೆಯ ಪಕ್ಕದಲ್ಲಿ ಹೆಜ್ಜೆ ಹಾಕಿದರು. ನಡುರಸ್ತೆಗೆ ಬಂದಾಗ ಅತ್ತೆಯ ಕಾಲು ನಿಂತುಬಿಟ್ಟಿತು. ದೀಪ ಕೆಂಪಾಯಿತು. ಹಾರ್ನುಗಳು ಶುರುವಾದವು.

ಮಾವ ಅವರನ್ನು ಎಳೆಯಲಿಲ್ಲ, ಅವಸರಪಡಿಸಲಿಲ್ಲ. ಸೈಕಲ್ಲನ್ನು ಅಡ್ಡ ನಿಲ್ಲಿಸಿ, ಅಂಗೈ ಎತ್ತಿ, ಎದುರಿಗಿದ್ದ ಇಡೀ ಬಸ್ಸನ್ನು ನೋಡುತ್ತ ನಿಂತರು. ಬಸ್ಸಿನ ಚಾಲಕ ಒಂದು ಗಳಿಗೆ ಅವರನ್ನು ನೋಡಿದ. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, "ಆರಾಮ್ ಸೇ, ಆಂಟಿ," ಎಂದ. ಹಿಂದಿನ ಹಾರ್ನುಗಳು ಒಂದೊಂದಾಗಿ ನಿಂತವು.

"ಯೇ ಕೌನ್ ಹೈ?" ನನ್ನ ಪಕ್ಕದಲ್ಲಿದ್ದ ಹೆಂಗಸು ಇವರು ಯಾರೆಂದು ತನ್ನಷ್ಟಕ್ಕೆ ಕೇಳಿಕೊಂಡಳು. ಅಪರಿಚಿತರಿಗೆ ಮನೆಯ ವಿಷಯ ಹೇಳುವ ಅಭ್ಯಾಸ ನನಗಿಲ್ಲ. "ಮೇರೇ ಮಾಮಾ ಹೈಂ," ಎಂದೆ, ಬಸ್ಸಿನವನಿಗೂ ಕೇಳುವಷ್ಟು ಗಟ್ಟಿಯಾಗಿ.

ಅತ್ತೆ ಹೆಜ್ಜೆ ಎತ್ತಿದರು. ದಾಟಿದರು.

ಹತ್ತಿರ ಬಂದ ಮಾವ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ಲಿಗೆ ತೂಗುಹಾಕಿದ್ದ ಮಾರ್ಕೆಟ್ಟಿನ ಚೀಲ ಬಿಡಿಸಿಕೊಂಡರು. ಆಮೇಲೆ ಅತ್ತೆಯ ಮುಖ ನೋಡದೆ, "ಅವತ್ತು, ಆ ಬೈಕ್ ಗುದ್ದಿದ ದಿನ, ನಾನು ಮುಂದೆ ದಾಟಿಬಿಟ್ಟಿದ್ದೆ. ನೀನು ಹಿಂದೆಯೇ ಬರ್ತಾ ಇದ್ದಿ ಅಂತ ಎಣಿಸಿದ್ದು," ಎಂದರು.

"ಗೊತ್ತುಂಟು," ಎಂದರು ಅತ್ತೆ. ಮಾವನ ಕೈಯಿಂದ ಚೀಲ ತೆಗೆದುಕೊಂಡರು. "ಬನ್ನಿ, ಬಸಳೆ ಎಳತು ಉಂಟಾ ನೋಡುವ."