ನಮ್ಮೂರ ಬಸ್ಸಿನ ಹಿಂದೆ ಹೋದವರು

ತಾವು ಹತ್ತದ ಬಸ್ಸಿನ ಮೇಲೆ ನಮ್ಮೂರಿನವರಿಗೆ ಇದ್ದಷ್ಟು ಅಭಿಮಾನ ಬೇರೆ ಯಾವುದರ ಮೇಲೂ ಇದ್ದದ್ದನ್ನು ನಾನು ಕಂಡಿಲ್ಲ. ವಸ್ತಾರೆಯ ಮುಖ್ಯರಸ್ತೆಯಿಂದ ಒಳಕ್ಕೆ ತಿರುಗಿ, ಎಸ್ಟೇಟುಗಳ ನಡುವೆ ಸುತ್ತಿ ಸುತ್ತಿ ಬಂದರೆ ಸಿಗುವ ಊರು ನಮ್ಮದು. ಬೆಳಿಗ್ಗೆ ಒಂದು ಬಸ್ಸು ಚಿಕ್ಕಮಗಳೂರಿಗೆ ಹೋಗುತ್ತಿತ್ತು, ಸಂಜೆ ಅದೇ ವಾಪಸು ಬರುತ್ತಿತ್ತು. ಯಾರ ಬಾಯಲ್ಲೂ ಅದು 'ನಮ್ಮ ಬಸ್ಸು'. ಅದರಲ್ಲಿ ಪೇಟೆಯ ನೆಂಟರಿಗೆ ಹಲಸಿನಹಣ್ಣು ಹೋಗುತ್ತಿತ್ತು, ಹಾಸ್ಟೆಲ್ಲಿನ ಮಕ್ಕಳಿಗೆ ಅಕ್ಕಿರೊಟ್ಟಿ ಹೋಗುತ್ತಿತ್ತು, ಕೆಟ್ಟ ಪಂಪ್‌ಸೆಟ್ಟು ಒಂಟಿಯಾಗಿ ಹೋಗಿ ರಿಪೇರಿಯಾಗಿ ಬರುತ್ತಿತ್ತು. ಮನುಷ್ಯರು ಮಾತ್ರ ಹೋಗುತ್ತಿರಲಿಲ್ಲ. ಮನುಷ್ಯರಿಗೆ ಕಾರಿತ್ತು, ಬೈಕಿತ್ತು, ಎರಡೂ ಇಲ್ಲದವರಿಗೆ ಅವುಗಳಿದ್ದ ಭಾವಮೈದುನರಿದ್ದರು. ಪೇಟೆಯಲ್ಲಿ ಕಾಫಿಬೀಜ ಸಂಸ್ಕರಿಸುವ ಕ್ಯೂರಿಂಗ್ ಕಂಪನಿಯೊಂದರ ಆಫೀಸಿನಲ್ಲಿ ಕೂರುವ ನಾನೂ ಕಾರಿನವನೇ. ಆದರೆ ನಾನು ವಿಚಾರವಂತ. ಕಾರಿನೊಳಗೆ ಒಬ್ಬನೇ ಕೂತು, ಎದುರಿನಿಂದ ಒಬ್ಬೊಬ್ಬರೇ ಕಾರಿನಲ್ಲಿ ಬರುವವರನ್ನು ಕಂಡು ದಿನವೂ ಅಸಹ್ಯಪಡುತ್ತಿದ್ದೆ.

ಹೀಗಿರುವಾಗ ಡಿಪೋದಿಂದ ಸುದ್ದಿ ಬಂತು. ಖಾಲಿ ಬಸ್ಸಿಗೆ ಡೀಸೆಲ್ ಸುಡಲು ಸಾಧ್ಯವಿಲ್ಲ, ಸೋಮವಾರ ಅಧಿಕಾರಿಯೊಬ್ಬರು ವಸ್ತಾರೆಯಲ್ಲಿ ಹತ್ತಿ ಒಳಗೆ ಎಷ್ಟು ಜನರಿದ್ದಾರೆಂದು ನೋಡುತ್ತಾರೆ, ಜನರಿದ್ದರೆ ಬಸ್ಸು, ಇಲ್ಲದಿದ್ದರೆ ಇಲ್ಲ. ಊರು ಕೆರಳಿತು. ಸಮುದಾಯ ಭವನದಲ್ಲಿ ಬಸ್ಸು ಉಳಿಸುವ ಸಭೆ ಸೇರಿತು. ಸಭೆಗೆ ಬಂದವರ ಕಾರುಗಳು ರಸ್ತೆಯ ಎರಡೂ ಬದಿಗೆ ನಿಂತಿದ್ದರಿಂದ ಸಂಜೆಯ ಬಸ್ಸಿಗೆ ಊರೊಳಗೆ ಬರಲು ಜಾಗವಿಲ್ಲದೆ ಅದು ದೂರದಲ್ಲೇ ನಿಂತು ಹಾರ್ನ್ ಹೊಡೆಯುತ್ತಿತ್ತು. ಭಾಷಣಕ್ಕೆ ತೊಂದರೆಯಾಗುತ್ತದೆಂದು ಯಾರೋ ಹೋಗಿ ಡ್ರೈವರನ್ನು ಗದರಿಸಿ ಬಂದರು. ಹಾರ್ಡ್‌ವೇರ್ ಅಂಗಡಿಯ ಶಿವಪ್ಪನವರು, ಕಾಫಿ ಅರಳಿಸುವ ಹೂಮಳೆ ತಪ್ಪಿದ್ದಕ್ಕೂ ಜನ ಬಸ್ಸು ಬಿಟ್ಟು ಸ್ವಂತ ಗಾಡಿ ಹಿಡಿದದ್ದಕ್ಕೂ ನೇರ ಸಂಬಂಧವಿದೆ ಎಂದು ವಿವರಿಸಿದರು. ಅವರ ಮನೆಯಲ್ಲಿ ತಲೆಗೊಂದು ಗಾಡಿ. ಅವರ ನಂತರ ನಾನು ಎದ್ದು ಜಪಾನಿನ ರೈಲುಗಳ ಬಗ್ಗೆ ಮಾತಾಡಿದೆ. ಜಪಾನನ್ನು ನಾನು ಮೊಬೈಲಿನಲ್ಲಿ ನೋಡಿದ್ದೇನೆ.

ದೂರದಲ್ಲೇ ನಿಂತ ಆ ಬಸ್ಸಿನಿಂದ ಇಳಿದು, ನಡೆದು ಬಂದು ಹಿಂದೆ ಕೂತಿದ್ದವರು ನೂರ್‌ಜಹಾನ್. ಪೇಟೆಯ ಟೈಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುವ ಅವರು ದಿನವೂ ಬಸ್ಸು ಹತ್ತುತ್ತಿದ್ದ ನಾಲ್ಕಾರು ಮಂದಿಯಲ್ಲಿ ಒಬ್ಬರು. ನಡೆದುಕೊಂಡು ಮುಖ್ಯರಸ್ತೆಗೆ ಹೋಗೋಣವೆಂದರೆ ಈಗೀಗ ದಾರಿಯಲ್ಲಿ ಯಾವ ತಿರುವಿನಲ್ಲಿ ಆನೆ ನಿಂತಿರುತ್ತದೋ ಹೇಳಲಾಗದು. ಬಸ್ಸು ನಿಂತರೆ ಅವರ ಕೆಲಸವೂ ನಿಂತಂತೆ. "ಭಾಷಣ ಎಲ್ಲ ಸರಿ. ಸೋಮವಾರ ಒಂದಿನ ಎಲ್ರೂ ಹತ್ತಿ, ಅಷ್ಟು ಮಾಡಿ ಸಾಕು," ಅಂದರು. ಜೋರಾಗಿ ಚಪ್ಪಾಳೆ ಬಿತ್ತು.

ಸೋಮವಾರ ಊರಿಗೆ ಊರೇ ಬಂತು. ಬಸ್ಸು ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲು, ಚೀಲ, ಟೋಪಿ ಒಳಗೆ ಬಿದ್ದವು. ಸೀಟು ಹಿಡಿಯುವ ಈ ಪದ್ಧತಿಯಲ್ಲಿ ನಾವು ಬಲು ನಿಷ್ಠರು. ಟವೆಲ್ಲು ಬಿದ್ದ ಸೀಟಿನ ಮೇಲೆ ಇನ್ನೊಬ್ಬರು ಕೂತ ಉದಾಹರಣೆಯಿಲ್ಲ. ಸೀಟು ಹಿಡಿದಾದ ಮೇಲೆ ಎಲ್ಲರಿಗೂ ಒಟ್ಟಿಗೇ ಜ್ಞಾನೋದಯವಾಯಿತು. ಪೇಟೆಯಲ್ಲಿ ಬ್ಯಾಂಕಿಗೆ ಹೋಗಬೇಕು, ಗೊಬ್ಬರದ ಅಂಗಡಿಗೆ ಹೋಗಬೇಕು, ಕೈಯಲ್ಲಿ ಗಾಡಿ ಇಲ್ಲದಿದ್ದರೆ ಹೇಗೆ? ದಾರಿ ತೋರಿಸಿದವರು ಶಿವಪ್ಪನವರೇ. "ಸೀಟು ಹಿಡ್ದಾಯ್ತಲ್ಲ ಮಾರಾಯ, ಬಸ್ ಹೋಗ್ಲಿ. ನಾವು ಹಿಂದಿಂದ ಬರಣ," ಅಂದರು. ಪಂಪ್‌ಸೆಟ್ಟನ್ನು ಒಂಟಿಯಾಗಿ ಕಳಿಸಿ ರೂಢಿಯಾದ ಊರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಇಂಥ ಮೂರ್ಖರ ನಡುವೆ ಬಾಳುವುದು ನನ್ನ ಹಣೆಬರಹ ಎಂದು ಶಪಿಸುತ್ತಾ, ಮುಂದಿನ ಸೀಟಿನಲ್ಲಿ ನನ್ನ ಕೊಡೆ ಸರಿಯಾಗಿದೆಯೇ ನೋಡಿಕೊಂಡು, ನಾನೂ ಕಾರು ಹತ್ತಿದೆ.

ಒಳಗೆ ನಡೆದದ್ದನ್ನು ಆಮೇಲೆ ನೂರ್‌ಜಹಾನ್ ಹೇಳಿದರು. ವಸ್ತಾರೆಯಲ್ಲಿ ಹತ್ತಿದ ಅಧಿಕಾರಿ ಒಂದೊಂದೇ ಸೀಟು ನೋಡುತ್ತಾ ಹಿಂದಿನವರೆಗೆ ಹೋದರಂತೆ. ಇವರೆಲ್ಲ ಎಲ್ಲಿ ಎಂದು ಕೇಳಿದ್ದಕ್ಕೆ ಕಂಡಕ್ಟರು ತಲೆ ತಗ್ಗಿಸಿ ಹಿಂದಿನ ಗಾಜಿನತ್ತ ಕೈ ತೋರಿಸಿದನಂತೆ. ಅಲ್ಲಿ ನಾವಿದ್ದೆವು, ದಿಬ್ಬಣದ ಹಾಗೆ, ಸಾಲಾಗಿ. ಪಾಪ, ಅವರೂ ನಮ್ಮ ಸೀಮೆಯವರೇ ಇರಬೇಕು, ಟವೆಲ್ಲುಗಳಿಗೆ ಮರ್ಯಾದೆ ಕೊಟ್ಟು ಪೇಟೆಯವರೆಗೂ ನಿಂತೇ ಹೋದರಂತೆ.

ಆ ವಾರವೇ ಬಸ್ಸು ನಿಂತಿತು. ಸರ್ಕಾರಕ್ಕೆ ಹೃದಯವಿಲ್ಲ ಎಂದು ಊರು ತೀರ್ಮಾನಿಸಿತು. ನೂರ್‌ಜಹಾನ್ ನಮ್ಮ ಮನೆಗೆ ಬಂದು, ಕೆಲಸಕ್ಕೆ ಹೋಗದಿದ್ದರೆ ಅಂಗಡಿಯವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ, ಬೆಳಿಗ್ಗೆ ನಿಮ್ಮ ಜೊತೆ ಬರಲೇ ಎಂದು ಸಂಕೋಚದಿಂದ ಕೇಳಿದರು. ಧಾರಾಳವಾಗಿ ಒಪ್ಪಿದೆ. ನನ್ನ ವಿಚಾರಗಳಿಗೆ ಇಷ್ಟು ವರ್ಷಕ್ಕೆ ಒಬ್ಬರು ಕೇಳುಗರು ಸಿಕ್ಕಿದ್ದರು, ಅದೂ ನಡುವೆ ಇಳಿದುಹೋಗಲಾಗದ ಕೇಳುಗರು. ಹಾಳಾದ ಬಸ್ ವ್ಯವಸ್ಥೆ, ಶಿವಪ್ಪನವರ ಬೂಟಾಟಿಕೆ, ಜಪಾನು, ಎಲ್ಲವನ್ನೂ ದಿನಕ್ಕಿಷ್ಟರಂತೆ ಬಿಡಿಸಿ ಹೇಳುತ್ತಾ ಬಂದೆ. ಅವರು ಹ್ಞೂಂ ಎನ್ನುತ್ತಾ ಕೇಳುತ್ತಿದ್ದರು. ನಿನ್ನೆ, ಬಸ್ಸು ಹೋದದ್ದರಿಂದ ನಿಮಗೇ ಹೆಚ್ಚು ನಷ್ಟವಾಯಿತು ಎಂದು ನಾನು ಮರುಕಪಟ್ಟಾಗ ಮೊದಲ ಸಲ ತಾವಾಗಿ ಮಾತಾಡಿದರು.

"ಹೌದು ಸಾರ್. ಬಸ್ಸಲ್ಲಾದ್ರೆ ಕಿಟಕಿಗೆ ಒರಗಿ ಒಂಚೂರು ನಿದ್ದೆ ಮಾಡ್ತಿದ್ದೆ."

ಮಲಗಿ, ನಾನು ಮಾತಾಡುವುದಿಲ್ಲ ಅಂದೆ. ಚಿಕ್ಕಮಗಳೂರು ಬರುವವರೆಗೂ ತುಟಿ ಬಿಚ್ಚಲಿಲ್ಲ. ಇಳಿಯುವಾಗ ನೋಡಿದರೆ ಅವರ ಕಣ್ಣು ಇನ್ನೂ ತೆರೆದೇ ಇತ್ತು. ಯಾಕೆ ಮಲಗಲಿಲ್ಲ ಎಂದು ಕೇಳಿದೆ. ನಾನು ಗಾಡಿ ಓಡಿಸುವುದನ್ನು ನೋಡಿದ ಮೇಲೆ ಕಣ್ಣು ಮುಚ್ಚಲು ಧೈರ್ಯ ಬರಲಿಲ್ಲವಂತೆ.