ಕರೆಂಟು ಹೋಗಲಿ ಎಂದು ಕಾದವರು

"ಇನ್ನು ಮೇಲೆ ಈ ಮನೇಲಿ ಕರೆಂಟು ಹೋಗಿದ್ದು ಯಾರಿಗೂ ಗೊತ್ತಾಗಕೂಡದು! ಹಾಗೆ ಮಾಡ್ತೀನಿ, ನೋಡ್ತಿರು!"

ಭೌತಶಾಸ್ತ್ರದ ಮೇಷ್ಟ್ರು ಪ್ರಸನ್ನಕುಮಾರ್ ಹೀಗೆ ಶಪಥ ಮಾಡಿದ್ದು ಶಿವಮೊಗ್ಗದಲ್ಲಿ ಸಂಜೆಯಾದರೆ ಲೋಡ್ ಶೆಡ್ಡಿಂಗ್ ಇದ್ದ ಕಾಲದಲ್ಲಿ.

"ಗೊತ್ತಾಗ್ದೆ ಇರೋಕೆ ನಾವೇನು ಕುರುಡರೇನ್ರೀ?" ಎಂದರು ಹೆಂಡತಿ ಉಮಾಮಹೇಶ್ವರಿ.

ಮೇಷ್ಟ್ರ ಸಿಟ್ಟು ಕತ್ತಲೆಯ ಮೇಲಲ್ಲ, ಅಂಗಡಿಯಿಂದ ತಂದ ಇನ್ವರ್ಟರಿನ ಮೇಲೆ. ಲೈನಿನಲ್ಲಿ ಬರುವ ಕರೆಂಟು ನುಣ್ಣಗೆ ಏರಿ ನುಣ್ಣಗೆ ಇಳಿಯುವ ಅಲೆ. ಇನ್ವರ್ಟರ್ ಕೊಡುತ್ತಿದ್ದದ್ದೋ ಇಟ್ಟಿಗೆ ಜೋಡಿಸಿದಂಥ ಚೌಕ ಅಲೆ! ಅದನ್ನು ಉಂಡ ಫ್ಯಾನು ಗುಂಯ್‌ಗುಡುತ್ತಿತ್ತು, ರೇಡಿಯೊ ಗೊರಕೆ ಹೊಡೆಯುತ್ತಿತ್ತು. ಮೇಷ್ಟ್ರು ಉಗ್ರಾಣದಲ್ಲಿ ಅಕ್ಕಿಮೂಟೆಯ ಪಕ್ಕ ಕುಳಿತು ವರ್ಷಗಟ್ಟಲೆ ಬೆಸುಗೆ ಹಾಕಿ ಇನ್ವರ್ಟರನ್ನು ನಡೆಸುವ ಹೊಸ ಕಂಟ್ರೋಲ್ ಕಾರ್ಡ್ ಕಟ್ಟಿ ಅದರೊಳಗೆ ಕೂರಿಸಿದರು. ಅದು ಲೈನಿನ ಅಲೆಯನ್ನೇ ನೋಡುತ್ತ ಜೊತೆಜೊತೆಗೆ ಹೆಜ್ಜೆ ಹಾಕುತ್ತಿತ್ತು. ತನ್ನ ಅಲೆ ಕೂದಲೆಳೆಯಷ್ಟು ಸೊಟ್ಟಗಾದರೂ ತಕ್ಷಣ ತಿದ್ದಿಕೊಳ್ಳುತ್ತಿತ್ತು. ಲೈನು ಬಿಟ್ಟು ಬ್ಯಾಟರಿ ಹಿಡಿಯುವಾಗ 'ಟಕ್' ಎನ್ನುವ ಸದ್ದೂ ಇಲ್ಲ!

ಭದ್ರಾವತಿಯಲ್ಲಿ ಶೆಡ್ಡು ಹಾಕಿಕೊಂಡು ಇನ್ವರ್ಟರ್ ತಯಾರಿಸುತ್ತಿದ್ದ ಷಡಕ್ಷರಪ್ಪನವರಿಗೆ ಸುದ್ದಿ ಹೋಯಿತು. "ಕಣ್ಣಾರೆ ನೋಡ್ತೀನಿ. ಸರಿ ಅನ್ಸಿದ್ರೆ ನಮ್ಮ ಅಷ್ಟೂ ಇನ್ವರ್ಟರಿಗೆ ನಿಮ್ದೇ ಕಾರ್ಡು" ಎಂದು ಒಂದು ಸಂಜೆ ಬಂದೇಬಿಟ್ಟರು. ಉಗ್ರಾಣದ ತಪಸ್ಸಿಗೆ ವರ ಸಿಗುವುದೋ ಶಾಪ ಸಿಗುವುದೋ, ಅಂದೇ ತೀರ್ಮಾನ!

ಆರಕ್ಕೆ ಕರೆಂಟು ಹೋಗಬೇಕು. ಆರು ಹೊಡೆಯಿತು. ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿ ಪರದೆ ಎಳೆದಿದ್ದ ಹಾಲಿನಲ್ಲಿ ಟ್ಯೂಬ್‌ಲೈಟು ಕದಲದೆ ಉರಿಯುತ್ತಲೇ ಇತ್ತು.

"ಹೋಗುತ್ತೆ, ಹೋಗುತ್ತೆ. ನಮ್ಮೂರ ಕರೆಂಟು ಈ ವಿಷಯದಲ್ಲಿ ಮಾತಿಗೆ ತಪ್ಪಲ್ಲ" ಎಂದರು ಮೇಷ್ಟ್ರು.

"ಬೇಗ ಹೋದ್ರೆ ಒಳ್ಳೇದು ಮಾರಾಯ್ರೇ. ನನಗೆ ಬಸ್ಸಿದೆ."

ಒಳಗೆ ಉಮಾಮಹೇಶ್ವರಿಯವರಿಗೆ ಬೇರೆಯದೇ ಅವಸರ. "ಅಕ್ಷರಾ, ಕರೆಂಟಿದೆ ಕಣೇ! ಹೋಗೋದ್ರೊಳಗೆ ಇಸ್ತ್ರಿ ಮುಗಿಸ್ಬಿಡು!" ಮಗಳು ಯೂನಿಫಾರಂ ಮುಗಿಸಿದಳು, ಅಪ್ಪನ ಅಂಗಿಗಳನ್ನು ಮುಗಿಸಿದಳು, ಇನ್ನೂ ಕರೆಂಟಿದೆಯೆಂದು ಅಮ್ಮನ ಸೀರೆಗಳಿಗೂ ಕೈ ಹಾಕಿದಳು. ಇಸ್ತ್ರಿಪೆಟ್ಟಿಗೆ ಆರಿಸಿದ್ದೇ ತಡ, ತಾಯಿಯ ಮಿಕ್ಸಿ ಗರ್ಜಿಸಿತು.

ಷಡಕ್ಷರಪ್ಪನವರು ಎರಡನೇ ತಟ್ಟೆ ಅವಲಕ್ಕಿ ಮುಗಿಸಿ ಗಡಿಯಾರ ನೋಡಿದರು. ಮೇಷ್ಟ್ರು 'ಒಂದೇ ಒಂದು ಸಲ ತೆಗೆಯಪ್ಪಾ ತಂದೆ' ಎಂದು ಸಿದ್ಧರಾಮೇಶ್ವರನಿಗೆ ಹರಕೆ ಹೊತ್ತರು. ದೇವರೂ ಕೈಬಿಟ್ಟಾಗ ಕರೆಂಟಾಫೀಸಿಗೇ ಫೋನು ಮಾಡಿದರು.

"ಸಾರ್, ಇವತ್ತು ಯಾಕೆ ಕರೆಂಟು ತೆಗೀಲಿಲ್ಲ?"

"ಬೈಯೋದಾದ್ರೆ ನೇರವಾಗಿ ಬೈರೀ! ವ್ಯಂಗ್ಯ ಬೇಡ!" ಎಂದು ಅತ್ತಲಿಂದ ಫೋನು ಕುಕ್ಕಿದರು.

ಮೇಷ್ಟ್ರು ಕಂಗಾಲಾಗಿ ಕುಳಿತಿದ್ದಾಗ, ಆಹಾ! ದೀಪ ಆರಿತು!

"ಹೋಯ್ತು!" ಮೇಷ್ಟ್ರು ಎದ್ದು ನಿಂತರು. "ನೋಡಿ ಷಡಕ್ಷರಪ್ಪನೋರೇ, ಈಗ ಕರೆಂಟು ಹೋಗಿದೆ. ನಿಮಗೆ ಗೊತ್ತೇ ಆಗಲ್ಲ!"

"ಗೊತ್ತಾಗ್ತಿದೆಯಲ್ಲ ಮೇಷ್ಟ್ರೇ" ಎಂದಿತು ಕತ್ತಲೊಳಗಿನ ದನಿ. "ಕಾಫಿ ಲೋಟ ಎಲ್ಲಿಟ್ಟೆ ಅಂತ ತಡಕ್ತಿದೀನಿ."

ಅಷ್ಟರಲ್ಲಿ ಬಾಗಿಲಲ್ಲಿ ಟಾರ್ಚು. ಎದುರುಮನೆ ಸುಬ್ಬಪ್ಪ. "ಏನಾಯ್ತು ಮೇಷ್ಟ್ರೇ? ಆರು ಗಂಟೆಯಿಂದ ಬೀದಿಗೆಲ್ಲ ಕತ್ತಲು, ನಿಮ್ಮದೊಂದೇ ಮನೆ ಮದುವೆಮನೆ ಹಾಗೆ ಬೆಳಗ್ತಿತ್ತು! ಈಗ ಯಾಕೆ ಆರಿಸ್ಬಿಟ್ರಿ?"

ಮೇಷ್ಟ್ರು ಟಾರ್ಚು ಕಸಿದು ಇನ್ವರ್ಟರಿನತ್ತ ಓಡಿದರು. ಅದರ ಮೇಲೆ ಗಿಳಿ ಕಸೂತಿಯ ಕವರು! ಬ್ಯಾಟರಿ ನಡೆಯುತ್ತಿದೆಯೆಂದು ಸಾರುವ ಕೆಂಪು ದೀಪ ಗಿಳಿಗಳ ಹಿಂದೆ ಅಡಗಿ, ಉರಿದುರಿದು ಸತ್ತಿತ್ತು. ಇಸ್ತ್ರಿಪೆಟ್ಟಿಗೆಯೂ ಮಿಕ್ಸಿಯೂ ಸೇರಿ ಬ್ಯಾಟರಿಯ ಕೊನೆಯ ಹನಿಯನ್ನೂ ಹೀರಿದ್ದವು.

"ಟಿವಿಗೆ ಹಾಕಿದೀವಿ, ಮಿಕ್ಸಿಗೆ ಹಾಕಿದೀವಿ. ಬಂದೋರ ಎದುರಿಗೆ ಇದೊಂದೇ ಬೋಳುಬೋಳಾಗಿ ಕೂತಿತ್ತಲ್ರೀ" ಎಂದರು ಉಮಾಮಹೇಶ್ವರಿ ಸಣ್ಣ ದನಿಯಲ್ಲಿ.

ಆದರೆ ಮೇಷ್ಟ್ರ ಮುಖ ಕತ್ತಲಲ್ಲೇ ಅರಳಿತು. "ಅಂದ್ರೆ ಇಷ್ಟೊತ್ತು ನಾವು ಕೂತಿದ್ದು ಬ್ಯಾಟರಿ ಮೇಲೆ! ಇನ್ವರ್ಟರ್ ಮಾಡೋ ನಿಮಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ನನ್ನ ಕಾರ್ಡು ಗೆದ್ದ ಹಾಗಲ್ವಾ?"

"ಕಟ್ಟಿದ ನಿಮಗೇ ಗೊತ್ತಾಗ್ಲಿಲ್ಲ" ಎಂದರು ಷಡಕ್ಷರಪ್ಪ. "ಅದೇ ತೊಂದ್ರೆ. ಇಷ್ಟು ಚೆನ್ನಾಗಿದ್ರೆ ಗಿರಾಕಿ ಕರೆಂಟಾಫೀಸಿನೋರನ್ನ ಹೊಗಳ್ತಾನೆ, ನನ್ನನ್ನಲ್ಲ."

"ಅಲ್ಲ, ಅಲೆಯ ಶುದ್ಧಿ ಅಂದ್ರೆ..." ಎಂದು ಮೇಷ್ಟ್ರು ಪಾಠ ಶುರು ಮಾಡುವಷ್ಟರಲ್ಲಿ ಝಗ್ಗನೆ ಬೆಳಕಾಯಿತು. "ಬಂತೂ...!" ಬೀದಿಗೆ ಬೀದಿಯೇ ಕೂಗಿತು. ಮಕ್ಕಳು ಚಪ್ಪಾಳೆ ತಟ್ಟಿದರು, ಸುಬ್ಬಪ್ಪ ಕೂಗಿದರು, ತಾಯಿ ಮಗಳಿಬ್ಬರೂ ಕೂಗಿದರು.

ಷಡಕ್ಷರಪ್ಪ ಚೀಲ ಹೆಗಲಿಗೇರಿಸಿದರು. "ಕೇಳಿಸ್ತಾ? ಜನಕ್ಕೆ ಬೇಕಿರೋದು ಈ ಖುಷಿ ಮೇಷ್ಟ್ರೇ. ನಿಮ್ಮ ಕಾರ್ಡು ಹಾಕಿದ ಮನೇಲಿ ಯಾರು ಹೀಗೆ ಕೂಗ್ತಾರೆ?"

ಮೇಷ್ಟ್ರು ಕೈಯಲ್ಲಿದ್ದ ಟಾರ್ಚು ಆರಿಸಿದರು. ಆ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದ್ದವರು ಅವರೇ.