ಅಟ್ಟದ ಮೇಲಿನ ದನಿ

ಎಲ್ಲಕ್ಕೂ ಮೂಲ ಒಡೆದುಹೋದ ಎರಡು ಹೆಂಚು. ದಂಡಿನಶಿವರದ ಹುಚ್ಚರಂಗಯ್ಯ ಅವನ್ನು ಬದಲಾಯಿಸುವುದು ಬಿಟ್ಟು, ತಿಪಟೂರಿನ ಗುಜರಿ ಗುಲಾಮ್ ರಸೂಲರ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಹಾಳೆ ತಂದ. ಯಾವುದೋ ಕಾಲೇಜಿನವರು ಎಸೆದದ್ದಂತೆ. ಈರುಳ್ಳಿ ಸಿಪ್ಪೆಯಷ್ಟು ತೆಳು, ಮೈತುಂಬ ತಾಮ್ರದ ಪುಟ್ಟ ಪುಟ್ಟ ಚೌಕ. ಅಟ್ಟದಲ್ಲಿ ಹತ್ತು ತಿಂಗಳಿಂದ ಒಣಗುತ್ತಿದ್ದ ಕೊಬ್ಬರಿಕಾಯಿಗಳ ಮೇಲೆ ಅದನ್ನು ಹೊದಿಸಿ, ದುಡ್ಡು ಉಳಿಯಿತೆಂದು ಬೀಗಿದ. ಇಂಥ ಜಾಣತನಕ್ಕೆ ಏನು ಹೇಳೋಣ.

ಮರುದಿನ ಮಗಳು ಪವಿತ್ರಾಳನ್ನು ನೋಡಲು ಗಂಡಿನವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ತಪ್ಪಿದ್ದವು. ಇದೂ ತಪ್ಪಿದರೆ ಎಂಬ ದಿಗಿಲಿಗೆ ಅವನಿಗೆ ಅನ್ನವೇ ಸೇರುತ್ತಿರಲಿಲ್ಲ.

ಬೆಳಿಗ್ಗೆ ಅಟ್ಟದಲ್ಲಿ ಯಾರೋ ಮಾತಾಡಿದರು. ಗಂಡಸಿನ ದನಿ, ತಗ್ಗಿಸಿದ್ದು. ಗಾಳಿ ಬೀಸಿದಾಗ ಎರಡು ಮಾತು. ಗಾಳಿ ನಿಂತರೆ ಗಪ್‌ಚಿಪ್. ಹುಚ್ಚರಂಗಯ್ಯ ಏಣಿ ಹತ್ತಿ ಟಾರ್ಚು ಬಿಟ್ಟ. ಕಾಯಿಯ ರಾಶಿ ಬಿಟ್ಟರೆ ಏನೂ ಇಲ್ಲ. ಇಳಿಯಲು ತಿರುಗಿದಾಗ ಬೆನ್ನ ಹಿಂದೆಯೇ ಯಾರೋ ಕ್ಯಾಕರಿಸಿದರು. ಕೊನೆಯ ನಾಲ್ಕು ಮೆಟ್ಟಿಲನ್ನು ಅವನು ತುಳಿಯಲೇ ಇಲ್ಲ.

ಪಕ್ಕದ ಮನೆ ಭೈರಮ್ಮ ಕಿವಿಗೊಟ್ಟು ಕೇಳಿ, ಇದು ತೀರಿಕೊಂಡ ನಿಮ್ಮಪ್ಪನದೇ ದನಿ ಎಂದು ತೀರ್ಪು ಕೊಟ್ಟಳು. ಆ ಮುದುಕನಿಗೆ ದಿನಾ ಅಟ್ಟ ಹತ್ತಿ, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕೊಬ್ಬರಿ ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ನೋಡದಿದ್ದರೆ ಸಮಾಧಾನವಿರಲಿಲ್ಲ. ಹನ್ನೊಂದು ಗಂಟೆಗೆ ಅರ್ಧ ಊರು ಅಂಗಳದಲ್ಲಿತ್ತು. ಯಾರೋ ಮೆಣಸಿನಕಾಯಿ ಹೊಗೆ ಬೇರೆ ಹಾಕಿದರು. ಗಂಡಿನವರು ಬಂದಾಗ ಮನೆಯವರೆಲ್ಲ ಕೆಮ್ಮುತ್ತಿದ್ದರು.

ಉಪ್ಪಿಟ್ಟಿನ ತಟ್ಟೆ ಬಂತು, ಪವಿತ್ರಾ ಬಂದು ನಿಂತಳು, ಗಾಳಿಯೂ ಬೀಸಿತು. ಮೇಲಿನ ದನಿ ಕೇಳಿ ಗಂಡಿನ ತಾಯಿ ಗಿರಿಜಾಂಬಿಕಾ ತಟ್ಟೆ ಕೆಳಗಿಟ್ಟು ಎದ್ದರು.

ಗಂಡು ಸಿದ್ದಾರ್ಥ್ ಮಾತ್ರ ಅಲುಗಲಿಲ್ಲ. ಅವನು ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಮಾಡುವವನು. ಏಣಿ ಹತ್ತಿ ಹಾಳೆ ನೋಡಿ ನಕ್ಕ. ರೇಡಿಯೋ ಅಲೆಗಳನ್ನು ತಡೆದು ಬೇರೆ ಕಡೆ ತಿರುಗಿಸಲೆಂದೇ ಮಾಡಿದ ಹಾಳೆಯಂತೆ ಅದು. ಗಾಳಿಗೆ ಅಂಚು ಎದ್ದಾಗ ಅಲೆ ಒಳಗೆ ನುಗ್ಗುತ್ತದಂತೆ.

"ಅಟ್ಟದಲ್ಲಿ ರೇಡಿಯೋ ಇದ್ಯಾ, ಮಾವ?"

ಮಾವ ಎಂದದ್ದೇ ಹುಚ್ಚರಂಗಯ್ಯನಿಗೆ ಹೋದ ಜೀವ ಬಂತು. ಇತ್ತಲ್ಲ, ಅಳಿಲು ಓಡಿಸಲು ತಾನೇ ಇಟ್ಟು ಮರೆತದ್ದು. ಟಾರ್ಚು ಹಿಡಿದು ಹತ್ತಿ, ಕಾಯಿಗಳ ಸಂದಿಯಿಂದ ರೇಡಿಯೋ ಎಳೆದು ತಂದು, "ನೋಡ್ರಪ್ಪ, ಇದೇ ನಮ್ಮಪ್ಪ" ಎಂದು ಎಲ್ಲರಿಗೂ ತೋರಿಸಿದ. ಅಂಗಳವೆಲ್ಲ ನಕ್ಕಿತು. ಗಿರಿಜಾಂಬಿಕಾ ಮತ್ತೆ ತಟ್ಟೆ ಎತ್ತಿಕೊಂಡರು.

ಹೆಂಡತಿ ಸಿದ್ದಗಂಗಮ್ಮ ನಗಲಿಲ್ಲ.

"ಅದ್ರೊಳ್ಗೆ ಶೆಲ್ಲೇ ಇಲ್ಲ ಕಣ್ರೀ. ಮೂರು ದಿನದ ಹಿಂದೆ ನಾನೇ ತೆಗ್ದು ಟಾರ್ಚಿಗೆ ಹಾಕಿದೀನಿ."

ಟಾರ್ಚು ಅವನ ಕೈಯಲ್ಲೇ ಉರಿಯುತ್ತಿತ್ತು. ಸಿದ್ದಾರ್ಥ್ ರೇಡಿಯೋದ ಹಿಂಬದಿ ಬಿಚ್ಚಿದ. ಖಾಲಿ. ಹಾಳೆ ಅಲೆ ತಿರುಗಿಸೀತು, ಶೆಲ್ಲಿನ ಕೆಲಸ ಮಾಡದು ಎಂದು ತನಗೆ ತಾನೇ ಹೇಳಿಕೊಂಡ.

ಆಗ ಮೇಲೆ, ಯಾರೋ ಒಂದು ಕಾಯಿ ಎತ್ತಿ ನಿಧಾನವಾಗಿ ಅಲ್ಲಾಡಿಸಿದ ಸದ್ದಾಯಿತು.

"ಇನ್ನೊಂದು ತಿಂಗ್ಳು ಬೇಕು ಬುಡ್ಲಾ," ಎಂದಿತು ದನಿ.

ಗಂಡಿನವರ ಕಾರು ಊರು ದಾಟಿದಾಗ ಸಿದ್ದಾರ್ಥನ ಒಂದು ಚಪ್ಪಲಿ ಇನ್ನೂ ಹೊಸ್ತಿಲಲ್ಲೇ ಇತ್ತು. ಹುಚ್ಚರಂಗಯ್ಯ ಅಟ್ಟದ ಕಡೆ ಕತ್ತೆತ್ತಿ ಹೇಳಿದ:

"ಬದುಕಿದ್ದಾಗ್ಲೂ ಹಿಂಗೇ ಕಣಪ್ಪ ನೀನು. ನೆಂಟರು ಬಂದಾಗ್ಲೇ ಬಾಯಿ ಬಿಡೋದು."